ಕುಳಿತದ್ದಕ್ಕೆ ತಂತಿ, ನಡೆದಾಡುವುದಕ್ಕೆ ಗಾಳಿ

(ಉಡುಪಿಯಲ್ಲಿ ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ವ್ಯವಸ್ಥಾಪಕರ ಮುಂದೆ ವೈಫೈ ಮತ್ತಿತರ ನಿಸ್ತಂತು (ತಂತಿಯಿಲ್ಲದ) ಜಾಲಗಳ ಬಗ್ಗೆ ಆಡಿದ ಮಾತಿನ ಬರಹ ರೂಪ. ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಲ್ಪೆಯ ಕಡೆ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಕಂಡದ್ದನ್ನು ಮೊದಲು ಹೇಳುತ್ತೇನೆ. ಶೈತ್ಯಾಗಾರದ ಬಾಗಿಲ ಬಳಿ ದಪ್ಪ ಜಾಕೆಟ್ ತೊಟ್ಟ ಮೇಲ್ವಿಚಾರಕಿಯೊಬ್ಬರು ಒಂದು ಕಾಲನ್ನು ಒಳಗೆ, ಇನ್ನೊಂದನ್ನು ಹೊರಗೆ ಇಟ್ಟು, ಆ ಭಾರದ ಬಾಗಿಲನ್ನು ಮೊಣಕೈಯಿಂದ ತಡೆದು ನಿಂತಿದ್ದರು. ಕೈಯಲ್ಲಿ ಟ್ಯಾಬ್ ಇತ್ತು. ಒಳಗಿರುವ ಪೆಟ್ಟಿಗೆಗಳ ಲೆಕ್ಕವನ್ನು ಅಲ್ಲೇ ನಿಂತು ಅದರಲ್ಲಿ ನಮೂದಿಸಬೇಕು. ಬಾಗಿಲು ಮುಚ್ಚಿದರೆ ವೈಫೈ ಹೋಗುತ್ತದೆ, ತೆರೆದಿಟ್ಟರೆ ಮೈನಸ್ 18 ಡಿಗ್ರಿಯ ತಂಪು ಅಂಗಳಕ್ಕೆ ಹರಿಯುತ್ತದೆ. ಪ್ರತಿ ನಮೂದಿಗೂ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ಅದು ನಿಲ್ಲುವವರೆಗೆ ಅವರೂ ಹಾಗೆಯೇ ನಿಂತಿರುತ್ತಿದ್ದರು. ದಿನಕ್ಕೆ ಎಷ್ಟು ಹೊತ್ತು ಹೀಗೆ ಎಂದು ಕೇಳಿದೆ. "ಲೆಕ್ಕ ಇಟ್ಟಿಲ್ಲ ಸರ್, ಕೈ ಮರಗಟ್ಟಿದಾಗ ಗೊತ್ತಾಗುತ್ತದೆ" ಎಂದರು.

ಮಾಲೀಕರು ಅದಾಗಲೇ ಎರಡು ಬಾರಿ ರೂಟರ್ ಬದಲಾಯಿಸಿದ್ದರು. ಪ್ರತಿ ಸಲವೂ ಹಿಂದಿನದಕ್ಕಿಂತ ದುಬಾರಿ, ಹಿಂದಿನದಕ್ಕಿಂತ ಹೆಚ್ಚು ಆಂಟೆನಾ. ಶೈತ್ಯಾಗಾರದ ಗೋಡೆಯೆಂದರೆ ನಡುವೆ ಫೋಮ್ ತುಂಬಿ ಎರಡೂ ಬದಿಗೆ ಲೋಹದ ತಗಡು ಹೊದಿಸಿದ ಫಲಕ. ಬಾಗಿಲು ಮುಚ್ಚಿದ ಕ್ಷಣ ಇಡೀ ಕೋಣೆ ಒಂದು ಲೋಹದ ಡಬ್ಬಿಯಾಗುತ್ತದೆ. ಅದರೊಳಗೆ ರೇಡಿಯೋ ಅಲೆ ನುಗ್ಗುವುದಿಲ್ಲ, ಹೊರಗಿನ ರೂಟರ್‌ಗೆ ನಾಲ್ಕಲ್ಲ ಎಂಟು ಆಂಟೆನಾ ಇದ್ದರೂ ಅಷ್ಟೇ. ನಮ್ಮ ಮುಂದೆ ಎರಡು ದಾರಿಗಳಿದ್ದವು. ಗೋಡೆಯಲ್ಲಿ ಒಂದು ರಂಧ್ರ ಕೊರೆದು ಕೇಬಲ್ ಎಳೆದು, ಚಳಿ ತಡೆಯುವ ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದದ್ದನ್ನು ವೈಫೈಯಾಗಿ ಹರಡುವ ಪೆಟ್ಟಿಗೆ) ಒಂದನ್ನು ಒಳಗೇ ಕೂರಿಸುವುದು ಮೊದಲನೆಯದು. ಟ್ಯಾಬ್‌ನ ಸಾಫ್ಟ್‌ವೇರನ್ನೇ ತಿದ್ದಿಸಿ, ಸಂಪರ್ಕ ಇಲ್ಲದಾಗ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡು ಹೊರಗೆ ಬಂದಾಗ ಕಳುಹಿಸುವಂತೆ ಮಾಡುವುದು ಎರಡನೆಯದು. ಎರಡನೆಯದನ್ನೇ ಆರಿಸಿಕೊಂಡೆವು. ಹೊಸ ಉಪಕರಣ ಒಂದೂ ಬೇಕಾಗಲಿಲ್ಲ.

ಈ ಉಪಾಯ ನಮ್ಮ ಊರಿಗೆ ಹೊಸದೇನಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ, ದಿನದಿನವೂ ಸಣ್ಣ ಮೊತ್ತ ಕೂಡಿಡುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪಿಗ್ಮಿ ಸಂಗ್ರಹಿಸುವವರ ಕೈಯಲ್ಲಿ ಮುಂದೆ ಒಂದು ಪುಟ್ಟ ಯಂತ್ರ ಬಂದಿತು. ಬೆಳಗ್ಗೆ ಶಾಖೆಯಲ್ಲಿ ಖಾತೆಗಳ ವಿವರವನ್ನು ಅದಕ್ಕೆ ತುಂಬಿಸಿಕೊಂಡು, ದಿನವಿಡೀ ಅಂಗಡಿಯಿಂದ ಅಂಗಡಿಗೆ ಓಡಾಡಿ ಚೀಟಿ ಹರಿದುಕೊಟ್ಟು, ಸಂಜೆ ಮರಳಿ ಬಂದು ಲೆಕ್ಕವನ್ನು ಶಾಖೆಯ ಕಂಪ್ಯೂಟರಿಗೆ ಒಪ್ಪಿಸುತ್ತಿದ್ದರು. ನಡುವೆ ಯಾವ ಸಂಪರ್ಕವೂ ಇರಲಿಲ್ಲ, ಒಂದು ರೂಪಾಯಿಯ ಲೆಕ್ಕವೂ ತಪ್ಪುತ್ತಿರಲಿಲ್ಲ. ಕೆಲಸಕ್ಕೆ ಯಾವ ಕ್ಷಣದಲ್ಲಿ ಸಂಪರ್ಕ ಬೇಕು, ಯಾವಾಗ ಬೇಡ ಎಂದು ಯಾರೋ ಕುಳಿತು ಯೋಚಿಸಿದ್ದರು. ನೀವು ಮಾಡಬೇಕಾದದ್ದೂ ಅದನ್ನೇ. ಅದನ್ನು ತಂತ್ರಜ್ಞರು ನಿಮ್ಮ ಪರವಾಗಿ ಮಾಡಲಾರರು, ಏಕೆಂದರೆ ನಿಮ್ಮ ಕೆಲಸ ಗೊತ್ತಿರುವುದು ನಿಮಗೆ.

ವೈಫೈ ಹಾಕಿಸುವ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಕಚೇರಿಯ, ಅಂಗಡಿಯ, ಕಾರ್ಖಾನೆಯ ಸಾಧನಗಳನ್ನೆಲ್ಲ ಬರೆಯಿರಿ. ಅವುಗಳಲ್ಲಿ ನಡೆದಾಡುವುದು ಯಾವುದು, ಕುಳಿತಲ್ಲೇ ಕುಳಿತಿರುವುದು ಯಾವುದು ಎಂದು ಗುರುತಿಸಿ. ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ, ಹಾಜರಿ ಯಂತ್ರ, ಗೋಡೆಯ ಟಿವಿ ಇವೆಲ್ಲ ವರ್ಷಗಟ್ಟಲೆ ಒಂದೇ ಜಾಗದಲ್ಲಿರುತ್ತವೆ. ಅವಕ್ಕೆ ತಂತಿ ಎಳೆಯಿರಿ. ಸಾಮಾನ್ಯ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಸಲೀಸಾಗಿ ಕೆಲಸ ಮಾಡುತ್ತದೆ, ಒಮ್ಮೆ ಎಳೆದರೆ ಹತ್ತು ಹದಿನೈದು ವರ್ಷ ಬಾಳುತ್ತದೆ, ಪಕ್ಕದ ಅಂಗಡಿಯವರು ಏನು ಹಾಕಿಸಿದರೂ ಅದಕ್ಕೆ ತೊಂದರೆಯಿಲ್ಲ. ಗಾಳಿಯನ್ನು, ಅಂದರೆ ವೈಫೈಯನ್ನು, ನಡೆದಾಡುವವರಿಗೆ ಉಳಿಸಿ: ಮೊಬೈಲ್, ಟ್ಯಾಬ್, ಲ್ಯಾಪ್‌ಟಾಪ್, ಗೋದಾಮಿನ ಬಾರ್‌ಕೋಡ್ ಯಂತ್ರ. ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಮೇಲೆ, ನಿಸ್ತಂತು ಜಾಲದ ಬಗ್ಗೆ ಮಾತನಾಡಲು ಕರೆದವರ ಮುಂದೆ ತಂತಿಯ ಪರವಾಗಿ ಇಷ್ಟು ವಾದಿಸುತ್ತಿದ್ದೇನೆ. ಒಳ್ಳೆಯ ವೈಫೈ ಇರುವ ಪ್ರತಿ ಕಟ್ಟಡದಲ್ಲೂ ನಾನು ಮೊದಲು ಕಂಡದ್ದು ಅಚ್ಚುಕಟ್ಟಾದ ತಂತಿಯನ್ನು.

ಗಾಳಿಯನ್ನು ಉಳಿಸಿ ಎಂದೆ. ಗಾಳಿ ಮುಗಿದುಹೋಗುವ ವಸ್ತುವೇ ಎಂದು ನೀವು ಕೇಳಬಹುದು. ಮುಗಿಯುತ್ತದೆ.

ಉಡುಪಿಯಲ್ಲಿ ಪಂಕ್ತಿ ಊಟ ಯಾರಿಗೂ ಹೊಸದಲ್ಲ. ಸಾಲಾಗಿ ಎಲೆ ಹಾಕಿದೆ, ಬಡಿಸುವವರು ಒಬ್ಬರೇ ಇದ್ದಾರೆ ಎಂದುಕೊಳ್ಳಿ. ಅವರು ಒಂದು ಹೊತ್ತಿಗೆ ಒಂದು ಎಲೆಗೆ ಮಾತ್ರ ಬಡಿಸಬಲ್ಲರು. ಹತ್ತು ಎಲೆಗಳಿದ್ದರೆ ಯಾರಿಗೂ ಕಾದದ್ದು ತಿಳಿಯುವುದಿಲ್ಲ. ಎಪ್ಪತ್ತು ಎಲೆಗಳಾದರೆ ಕೊನೆಯವರ ಅನ್ನ ಆರುತ್ತದೆ. ಸಾಲಿನ ನಡುವೆ ಯಾರೋ ಒಬ್ಬರು "ಸ್ವಲ್ಪ, ಇನ್ನೂ ಸ್ವಲ್ಪ" ಎಂದು ಚಮಚದಷ್ಟೇ ಹಾಕಿಸಿಕೊಳ್ಳುತ್ತ ಐದು ನಿಮಿಷ ತೆಗೆದುಕೊಂಡರೆ, ಅವರ ನಂತರದವರೆಲ್ಲರೂ ಕಾಯಬೇಕು. ವೈಫೈ ಚಾನೆಲ್, ಅಂದರೆ ರೂಟರ್ ಮತ್ತು ಸಾಧನಗಳು ಮಾತನಾಡಿಕೊಳ್ಳುವ ರೇಡಿಯೋ ದಾರಿ, ನಡೆಯುವುದು ಹೀಗೆಯೇ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದು ಸಾಧನ ಮಾತನಾಡಬೇಕು. ಮಾತನಾಡುವ ಮೊದಲು ಪ್ರತಿಯೊಂದೂ ಬೇರೆ ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳುತ್ತದೆ, ಇದ್ದರೆ ಸುಮ್ಮನಿರುತ್ತದೆ. ರೂಟರ್‌ನಿಂದ ದೂರದಲ್ಲಿ, ಎರಡು ಗೋಡೆಗಳಾಚೆ ಇರುವ ಮೊಬೈಲ್ ಚಮಚದಲ್ಲಿ ಹಾಕಿಸಿಕೊಳ್ಳುವ ಆ ಅತಿಥಿ. ಸಿಗ್ನಲ್ ಕ್ಷೀಣವಾದಷ್ಟೂ ಅದು ನಿಧಾನವಾಗಿ ಮಾತನಾಡುತ್ತದೆ, ಅಷ್ಟೂ ಹೊತ್ತು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂಲೆಯ ಒಬ್ಬರಿಗೆ ಸರಿಯಾಗಿ ಸಿಗುತ್ತಿಲ್ಲ ಎಂಬುದು ಅವರೊಬ್ಬರ ತೊಂದರೆಯಾಗಿ ಉಳಿಯುವುದಿಲ್ಲ, ಎಲ್ಲರ ವೇಗವನ್ನೂ ಅದು ತಿನ್ನುತ್ತದೆ.

ಪಕ್ಕದ ಅಂಗಡಿಯವರ ರೂಟರ್ ನಿಮ್ಮದೇ ಚಾನೆಲ್‌ನಲ್ಲಿದ್ದರೆ, ಅವರ ಎಲೆಗಳೂ ನಿಮ್ಮ ಪಂಕ್ತಿಯಲ್ಲಿಯೇ ಕುಳಿತಿವೆ ಎಂದು ತಿಳಿಯಿರಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ (ಪಟ್ಟಿ ಎಂದರೆ ರೇಡಿಯೋ ಅಲೆಗಳ ಒಂದು ಬ್ಯಾಂಡ್) ಚಾನೆಲ್‌ಗಳು ಹದಿಮೂರು ಎಂದು ಕಂಡರೂ ಒಂದರ ಮೇಲೊಂದು ಬೀಳದಂತೆ ಬಳಸಬಹುದಾದದ್ದು ಮೂರೇ: 1, 6 ಮತ್ತು 11. ಬ್ಲೂಟೂತ್ ಕೂಡ ಅಲ್ಲಿಯೇ ಇದೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ 2.45 ಗಿಗಾಹರ್ಟ್ಸ್‌ನಲ್ಲಿಯೇ ಕೆಲಸ ಮಾಡುತ್ತದೆ. ಮಂಗಳೂರಿನ ಹಂಪನಕಟ್ಟೆಯ ಯಾವುದಾದರೂ ವಾಣಿಜ್ಯ ಸಂಕೀರ್ಣದ ಎರಡನೆಯ ಮಹಡಿಯಲ್ಲಿ ನಿಂತು ಮೊಬೈಲ್‌ನಲ್ಲಿ ವೈಫೈ ಹೆಸರುಗಳನ್ನು ಎಣಿಸಿ ನೋಡಿ, ಆ ಮೂರು ಚಾನೆಲ್‌ಗಳ ಮೇಲಿನ ನೂಕುನುಗ್ಗಲು ಅರ್ಥವಾಗುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಬಹಳ ಹೆಚ್ಚು. 2018ರಲ್ಲಿ ಕೇಂದ್ರ ಸರ್ಕಾರ ಆ ಪಟ್ಟಿಯ ದೊಡ್ಡ ಭಾಗವನ್ನು ಪರವಾನಗಿ ಇಲ್ಲದೆ ಬಳಸಲು ಬಿಟ್ಟುಕೊಟ್ಟ ಮೇಲೆ, ಕಚೇರಿಯ ಕೆಲಸದ ಸಾಧನಗಳನ್ನು 2.4ರಲ್ಲಿ ತುಂಬಿಸಿಡಲು ಯಾವ ಕಾರಣವೂ ಉಳಿದಿಲ್ಲ. ಹಳೆಯ ಪ್ರಿಂಟರ್‌ಗಳಿಗೆ, ಸಣ್ಣ ಕ್ಯಾಮೆರಾಗಳಿಗೆ 2.4 ಇರಲಿ.

ಒಂದು ಹೋಟೆಲಿನಲ್ಲಿ ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಆರ್ಡರ್ ತೆಗೆದುಕೊಳ್ಳುವ ಟ್ಯಾಬ್‌ಗಳು ನಿಂತುಬಿಡುತ್ತಿದ್ದವು. ಮೂರು ಗಂಟೆಗೆ ತಾವಾಗಿಯೇ ಸರಿಯಾಗುತ್ತಿದ್ದವು. ಟ್ಯಾಬ್ ಕೆಟ್ಟಿದೆ ಎಂದು ಹೊಸದನ್ನು ತರಿಸಿದರು, ಆಗಲೂ ಅದೇ ಕಥೆ. ನಾನು ಹೋಗಿ ಒಂದು ಮೂಲೆಯ ಮೇಜಿನಲ್ಲಿ ಕುಳಿತು ಊಟ ಮಾಡುತ್ತಲೇ ನೋಡಿದೆ. ಎದುರಿನ ಗೋಡೆಯಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಊಟಕ್ಕೆ ಬಂದವರ ಮೊಬೈಲ್, ಸಪ್ಲೈಯರ್‌ಗಳ ಟ್ಯಾಬ್, ಅಡುಗೆಮನೆಯ ಆರ್ಡರ್ ಪ್ರಿಂಟರ್, ಗಲ್ಲಾದ ಬಿಲ್ಲಿಂಗ್ ಯಂತ್ರ ಎಲ್ಲವೂ ಒಂದೇ ಹೆಸರಿನ ಕೆಳಗೆ. ಜನ ಊಟಕ್ಕೆ ಕಾಯುತ್ತ ವಿಡಿಯೋ ನೋಡುತ್ತಿದ್ದರು, ಜನ ವಿಡಿಯೋ ನೋಡುತ್ತಿದ್ದುದರಿಂದ ಊಟದ ಆರ್ಡರ್ ಅಡುಗೆಮನೆಗೆ ತಲುಪುತ್ತಿರಲಿಲ್ಲ. ಪ್ರಿಂಟರ್‌ಗೂ ಬಿಲ್ಲಿಂಗ್‌ಗೂ ತಂತಿ ಎಳೆದೆವು. ಟ್ಯಾಬ್‌ಗಳಿಗೆ 5 ಗಿಗಾಹರ್ಟ್ಸ್‌ನಲ್ಲಿ ಬೇರೆ ಹೆಸರು ಕೊಟ್ಟೆವು. ಅತಿಥಿಗಳ ಜಾಲವನ್ನು ಪ್ರತ್ಯೇಕಿಸಿ ಅದಕ್ಕೆ ವೇಗದ ಮಿತಿ ಹಾಕಿದೆವು. ಒಟ್ಟು ಒಂದು ದಿನದ ಕೆಲಸ.

ಇನ್ನು ಪೆಟ್ಟಿಗೆಯ ಮೇಲಿನ ಅಂಕಿಗಳು. ಒಂದು ರೂಟರ್‌ನ ಮೇಲೆ 3000 ಎಂದು ಬರೆದಿರುತ್ತದೆ. 2.4 ಪಟ್ಟಿಯ ಗರಿಷ್ಠ ವೇಗ ಸೆಕೆಂಡಿಗೆ 574 ಮೆಗಾಬಿಟ್, 5 ಪಟ್ಟಿಯ ಗರಿಷ್ಠ 2402, ಎರಡನ್ನೂ ಕೂಡಿ ದುಂಡಾಗಿಸಿದರೆ ಆ 3000 ಬರುತ್ತದೆ. ಒಂದು ಮೊಬೈಲ್ ಎರಡೂ ಪಟ್ಟಿಗಳಲ್ಲಿ ಒಟ್ಟಿಗೆ ಆ ವೇಗ ಪಡೆಯುವುದಿಲ್ಲ. 2402 ಸಿಗಬೇಕಾದರೂ ಚಾನೆಲ್ ಅತಿ ಅಗಲವಾಗಿರಬೇಕು, ಮೊಬೈಲ್ ಅದಕ್ಕೆ ತಕ್ಕುದಾಗಿರಬೇಕು, ಹತ್ತಿರದಲ್ಲಿರಬೇಕು, ಸುತ್ತ ಬೇರೆ ಯಾರೂ ಇರಬಾರದು. ನಿಮ್ಮ ಕಚೇರಿಯಲ್ಲಿ ಈ ನಾಲ್ಕೂ ಒಟ್ಟಿಗೆ ಕೂಡಿಬರುವ ದಿನ ಇಲ್ಲ. ಆದುದರಿಂದ ಅಂಗಡಿಯಲ್ಲಿ ಎರಡು ಪೆಟ್ಟಿಗೆಗಳ ಅಂಕಿ ಹೋಲಿಸುತ್ತ ನಿಲ್ಲಬೇಡಿ. ವೈಫೈ 6 ಎಂಬ ಹೆಸರಿರುವುದನ್ನು ಕೊಳ್ಳಿ ಎಂದು ಮಾತ್ರ ಹೇಳುತ್ತೇನೆ. ಅದರಲ್ಲಿ ಬಡಿಸುವವರು ಒಂದೇ ಸುತ್ತಿನಲ್ಲಿ ಹಲವು ಎಲೆಗಳಿಗೆ ಸ್ವಲ್ಪ ಸ್ವಲ್ಪ ಬಡಿಸುವ ವ್ಯವಸ್ಥೆಯಿದೆ. ಜನ ಹೆಚ್ಚಿರುವ ಕಡೆ ಅದರ ಉಪಯೋಗ ಕಣ್ಣಿಗೆ ಕಾಣುತ್ತದೆ.

ಈಗ ಗೋಡೆಗಳ ವಿಷಯ. ಕರಾವಳಿಯ ಹಳೆಯ ಮನೆಗಳು ಎಷ್ಟೋ ಈಗ ಕಚೇರಿಗಳಾಗಿವೆ, ಹೋಂಸ್ಟೇಗಳಾಗಿವೆ, ಚಿಕಿತ್ಸಾಲಯಗಳಾಗಿವೆ. ಒಂದೂವರೆ ಅಡಿ ದಪ್ಪದ ಮುರಕಲ್ಲಿನ ಗೋಡೆ, ಮಳೆಗಾಲದಲ್ಲಿ ಒಳಗೆಲ್ಲ ತೇವ. ಈ ಗೋಡೆಯನ್ನು ದಾಟುವಾಗ 2.4 ಗಿಗಾಹರ್ಟ್ಸ್ ಅಲೆಯೇ ಬಳಲುತ್ತದೆ, 5 ಗಿಗಾಹರ್ಟ್ಸ್ ಅಲೆ ಇನ್ನೂ ಹೆಚ್ಚು ಬಳಲುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಒಂದು ಆಕ್ಸೆಸ್ ಪಾಯಿಂಟ್ ಇಡೀ ಅಂತಸ್ತಿನ ಕಾಲು ಭಾಗಕ್ಕೆ ಸಾಕಾದರೆ, ನಮ್ಮಲ್ಲಿ ಅದು ಒಂದು ಕೋಣೆ ಮತ್ತು ಎದುರಿನ ಜಗಲಿಗೆ ಸಾಕಾಗುತ್ತದೆ. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತಂದು ದರಪಟ್ಟಿ ಬರೆದುಕೊಡುವವರನ್ನು ನಂಬಬೇಡಿ.

ಮಂಗಳೂರಿನಲ್ಲಿ ಇಂಥ ಒಂದು ಮನೆಯಲ್ಲಿ ಲೆಕ್ಕ ಪರಿಶೋಧಕರ ಕಚೇರಿಯಿತ್ತು. ಮುಂದಿನ ಚಾವಡಿಯಲ್ಲಿ ರೂಟರ್. ಎರಡನೆಯ ಕೋಣೆಗೆ ತಲುಪುವುದಿಲ್ಲವೆಂದು ಒಂದು ರಿಪೀಟರ್, ಮೂರನೆಯ ಕೋಣೆಗೆ ಇನ್ನೊಂದು, ಹಿಂದಿನ ಕೋಣೆಗೆ ಮತ್ತೊಂದು. ಸಾಮಾನ್ಯ ರಿಪೀಟರ್ ಕೇಳಿಸಿಕೊಂಡದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳುತ್ತದೆ. ಒಂದು ಮಾತಿಗೆ ಎರಡು ಮಾತಿನ ಹೊತ್ತು. ಆದುದರಿಂದ ಒಂದೊಂದು ಹಂತಕ್ಕೂ ವೇಗ ಅರ್ಧವಾಗುತ್ತದೆ. ಮೂರನೆಯ ರಿಪೀಟರ್ ತಲುಪುವ ಹೊತ್ತಿಗೆ ಎಂಟನೆಯ ಒಂದು ಪಾಲು ಉಳಿದಿರುತ್ತದೆ, ಅದೂ ಎಲ್ಲವೂ ಸರಿಯಿದ್ದರೆ. ಹಿಂದಿನ ಕೋಣೆಯಲ್ಲಿ ಕುಳಿತ ಹುಡುಗಿ ಜಿಎಸ್‌ಟಿ ವಿವರ ಸಲ್ಲಿಸುವ ಕೊನೆಯ ದಿನಗಳಲ್ಲಿ ಲ್ಯಾಪ್‌ಟಾಪ್ ಎತ್ತಿಕೊಂಡು ಚಾವಡಿಗೆ ಬಂದು ಚಾಪೆಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದಳು.

ಆ ಮನೆಗೆ ಹಂಚಿನ ಮಾಡು, ಕೆಳಗೆ ಮರದ ಅಟ್ಟ. ಗೋಡೆ ಕೊರೆಯಲು ಮಾಲೀಕರಿಗೆ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಅಟ್ಟ ಹತ್ತಿ ಪಕ್ಕಾಸುಗಳ ಗುಂಟ ಎರಡು ಕೇಬಲ್ ಎಳೆದು ಒಂದನ್ನು ಮಧ್ಯದ ಕೋಣೆಗೆ, ಇನ್ನೊಂದನ್ನು ಹಿಂದಿನ ಕೋಣೆಗೆ ಇಳಿಸಿದೆವು. ಎರಡೂ ತುದಿಗೆ ಒಂದೊಂದು ಆಕ್ಸೆಸ್ ಪಾಯಿಂಟ್. ಅವಕ್ಕೆ ವಿದ್ಯುತ್ ಕೂಡ ಅದೇ ಕೇಬಲ್‌ನಲ್ಲಿ ಹೋಗುತ್ತದೆ, ಬೇರೆ ಪ್ಲಗ್ ಪಾಯಿಂಟ್ ಬೇಕಾಗಿಲ್ಲ. ಮೂರು ರಿಪೀಟರ್‌ಗಳನ್ನೂ ತೆಗೆದಿಟ್ಟೆವು. ಹಲವು ಪೆಟ್ಟಿಗೆಗಳು ಸೇರಿ ಒಂದೇ ವೈಫೈಯಾಗಿ ಕೆಲಸ ಮಾಡುವ, ಮೆಶ್ ಎಂದು ಮಾರುವ ಉಪಕರಣಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವು ರಿಪೀಟರ್‌ಗಿಂತ ಜಾಣ, ತಂತಮ್ಮೊಳಗೆ ಮಾತನಾಡಿಕೊಳ್ಳಲು ಪ್ರತ್ಯೇಕ ರೇಡಿಯೋ ಇರುವ ಮಾದರಿಗಳು ಒಳ್ಳೆಯವೇ. ಆದರೂ ಮುರಕಲ್ಲು ಮುರಕಲ್ಲೇ. ಮೆಶ್ ಉಪಕರಣಗಳ ನಡುವೆಯೂ ಕೇಬಲ್ ಜೋಡಿಸಲು ಅವಕಾಶ ಇರುತ್ತದೆ, ಸಾಧ್ಯವಿರುವಲ್ಲೆಲ್ಲ ಜೋಡಿಸಿ.

ಎರಡು ಕಟ್ಟಡಗಳ ನಡುವಿನ ಸಂಪರ್ಕದ ಬಗ್ಗೆ ಹೇಳುವಾಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಒಂದು ಗೇರುಬೀಜ ಕಾರ್ಖಾನೆಯ ಕಚೇರಿಗೂ ಗೋದಾಮಿಗೂ ನಡುವೆ ಸುಮಾರು 600 ಮೀಟರ್. ಎರಡೂ ಕಡೆ ಕಂಬ ನೆಟ್ಟು 5.8 ಗಿಗಾಹರ್ಟ್ಸ್‌ನ ಪುಟ್ಟ ಡಿಶ್‌ಗಳನ್ನು ಮುಖಾಮುಖಿ ಕೂರಿಸಿದೆ. ಫೆಬ್ರವರಿ ತಿಂಗಳು, ತಿಳಿಯಾದ ಆಕಾಶ. ಕಂಬದ ತುದಿಯಿಂದ ಎದುರಿನ ಡಿಶ್ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ವೇಗ ಪರೀಕ್ಷಿಸಿ ಎಲ್ಲರೂ ಸಂತೋಷಪಟ್ಟೆವು. ಆಟಿ ತಿಂಗಳ ಮಳೆ ಹಿಡಿದಾಗ ಫೋನ್ ಬಂದಿತು: ಮಳೆ ಬಂದರೆ ಗೋದಾಮು ಮಾಯ.

ಮಳೆಯ ಮೇಲೆ ತಪ್ಪು ಹೊರಿಸುವುದು ಸುಲಭವಿತ್ತು. ಆದರೆ ಆ ಪಟ್ಟಿಯಲ್ಲಿ, ಅಷ್ಟು ಕಡಿಮೆ ದೂರದಲ್ಲಿ, ಎಂಥ ಜಡಿಮಳೆಯೂ ಲೆಕ್ಕಕ್ಕೆ ಬರುವಷ್ಟು ಸಿಗ್ನಲ್ ತಿನ್ನುವುದಿಲ್ಲ. ಮನೆಯ ಮಾಡಿನ ಮೇಲಿನ ಟಿವಿ ಡಿಶ್ ಮಳೆಗೆ ನಿಲ್ಲುತ್ತದೆ, ನಿಜ. ಅದು ಕೆಲಸ ಮಾಡುವುದು ಇದರ ಎರಡರಷ್ಟು ಮೇಲಿನ ಪಟ್ಟಿಯಲ್ಲಿ. ಇಲ್ಲಿ ತಡೆದದ್ದು ನಡುವಿನ ತೆಂಗಿನ ತೋಟ. ಎರಡು ಡಿಶ್‌ಗಳ ನಡುವಿನ ಅಲೆ ಬಿಗಿಯಾದ ದಾರದಂತೆ ಹೋಗುವುದಿಲ್ಲ, ನಡುವೆ ಉಬ್ಬಿ ಎರಡು ತುದಿಗೆ ಚೂಪಾಗಿರುವ ಆಕಾರದಲ್ಲಿ ಹರಡಿಕೊಂಡು ಹೋಗುತ್ತದೆ. 600 ಮೀಟರ್ ದೂರಕ್ಕೆ, ಆ ಪಟ್ಟಿಯಲ್ಲಿ, ನಟ್ಟನಡುವೆ ಆ ಉಬ್ಬಿನ ತ್ರಿಜ್ಯ ಸುಮಾರು 2.8 ಮೀಟರ್. ನನ್ನ ಕಣ್ಣಿನ ನೇರಕ್ಕೆ ದಾರಿ ತೆರವಾಗಿತ್ತು, ಅಲೆಗೆ ತೆರವಾಗಿರಲಿಲ್ಲ. ಬೇಸಗೆಯಲ್ಲಿ ಒಣಗಿ ಜೋತಿದ್ದ ಮಡಲುಗಳು ಉಬ್ಬಿನ ಅಂಚನ್ನು ಸವರುತ್ತಿದ್ದವು ಅಷ್ಟೇ. ಮಳೆಗೆ ಹೊಸ ಮಡಲು ಮೂಡಿದವು, ಗಾಳಿಗೆ ತೂಗಿದವು, ಎಲ್ಲಕ್ಕಿಂತ ಮುಖ್ಯವಾಗಿ ಒದ್ದೆಯಾದವು. ಒದ್ದೆ ಎಲೆಯಲ್ಲಿರುವ ನೀರು ಈ ಅಲೆಗಳನ್ನು ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಕಂಬವನ್ನು ನಾಲ್ಕು ಮೀಟರ್ ಎತ್ತರಿಸಿದ ಮೇಲೆ ಸರಿಯಾಯಿತು. ಅದರ ಖರ್ಚನ್ನು ನಾನೇ ಭರಿಸಿದೆ, ಅದು ನ್ಯಾಯವೂ ಆಗಿತ್ತು. ಅಂದಿನಿಂದ ಬೇಸಗೆಯಲ್ಲಿ ಅಳತೆ ಮಾಡಿದರೂ ಮಳೆಗಾಲದ ಮರಗಳನ್ನು ಊಹಿಸಿಕೊಂಡೇ ಕಂಬದ ಎತ್ತರ ನಿರ್ಧರಿಸುತ್ತೇನೆ. ಈಗ 60 ಗಿಗಾಹರ್ಟ್ಸ್‌ನ ಉಪಕರಣಗಳೂ ಮಾರುಕಟ್ಟೆಯಲ್ಲಿವೆ. ವೇಗ ಅದ್ಭುತ, ಆದರೆ ಅವುಗಳನ್ನು ನಿಜವಾಗಿಯೂ ಮಳೆ ಕೆಡಿಸುತ್ತದೆ. ರಸ್ತೆಯಾಚೆಯ ಕಟ್ಟಡಕ್ಕೆ ಸರಿ. ಕಿಲೋಮೀಟರ್ ದೂರಕ್ಕೆ ನಮ್ಮ ಕರಾವಳಿಯಲ್ಲಿ ನಾನು ಹಾಕುವುದಿಲ್ಲ.

ಎರಡೂ ಕಟ್ಟಡ ನಿಮ್ಮದೇ ಜಾಗದಲ್ಲಿದ್ದು ನಡುವೆ ಸಾರ್ವಜನಿಕ ರಸ್ತೆ ಇಲ್ಲದಿದ್ದರೆ ನೆಲದಡಿ ಆಪ್ಟಿಕಲ್ ಫೈಬರ್ ಹಾಕಿಸಿ. ಇದಕ್ಕೆ ವೇಗಕ್ಕಿಂತ ದೊಡ್ಡ ಕಾರಣ ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಇಲ್ಲಿ ಗುಡುಗುವ ಪರಿ ನಿಮಗೆ ಗೊತ್ತು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ ಎಳೆದರೆ, ಹತ್ತಿರ ಎಲ್ಲೋ ಸಿಡಿಲು ಬಡಿದಾಗ ಎರಡೂ ಕಡೆಯ ಉಪಕರಣಗಳು ಒಟ್ಟಿಗೆ ಸುಡುತ್ತವೆ. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಹದ ಕವಚವಿಲ್ಲದ ಫೈಬರನ್ನೇ ಕೇಳಿ ಪಡೆಯಿರಿ. ಕಂಬದ ಮೇಲಿನ ಡಿಶ್‌ಗಳಿಗೆ ಸರಿಯಾದ ಅರ್ತಿಂಗ್ ಮತ್ತು ಸರ್ಜ್ ರಕ್ಷಕ (ದಿಢೀರ್ ನುಗ್ಗುವ ವಿದ್ಯುತ್ತನ್ನು ತಡೆಯುವ ಸಾಧನ) ಇಲ್ಲದೆ ಕೆಲಸ ಮುಗಿಯಿತು ಎಂದು ಸಹಿ ಹಾಕಬೇಡಿ. ಸಮುದ್ರದ ಹತ್ತಿರ ಇರುವವರು ವರ್ಷಕ್ಕೊಮ್ಮೆ ಕಂಬದ ಬೋಲ್ಟ್‌ಗಳನ್ನೂ ಕೇಬಲ್ ತುದಿಯ ಕನೆಕ್ಟರ್‌ಗಳನ್ನೂ ನೋಡಿಸಿ. ಉಪ್ಪುಗಾಳಿಗೆ ಕನೆಕ್ಟರ್‌ನ ತಾಮ್ರ ಹಸಿರುಗಟ್ಟಿರುತ್ತದೆ, ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಇಲ್ಲಿಯವರೆಗೆ ನಿಮ್ಮ ಆವರಣದ ಒಳಗಿನ ಮಾತಾಯಿತು. ಹೊರಗಿನಿಂದ ಇಂಟರ್‌ನೆಟ್ ಬರುವ ದಾರಿಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮುಖ್ಯ ದಾರಿ ಫೈಬರ್ ಇರಲಿ, ಎರಡನೆಯ ದಾರಿ ಗಾಳಿಯಲ್ಲಿ ಬರಲಿ. ಎಷ್ಟೋ ವ್ಯವಸ್ಥಾಪಕರು ಮುಂಜಾಗ್ರತೆಯಿಂದ ಎರಡು ಕಂಪನಿಗಳ ಫೈಬರ್ ತೆಗೆದುಕೊಂಡಿರುತ್ತಾರೆ. ಒಮ್ಮೆ ಹೊರಗೆ ಬಂದು ಆ ಕೇಬಲ್‌ಗಳು ಎಲ್ಲಿ ತೂಗುತ್ತಿವೆ ಎಂದು ನೋಡಿ. ಹೆಚ್ಚಿನ ಕಡೆ ಎರಡೂ ಅದೇ ವಿದ್ಯುತ್ ಕಂಬಗಳ ಮೇಲೆ, ಒಂದನ್ನೊಂದು ಹೆಣೆದುಕೊಂಡು ಬಂದಿರುತ್ತವೆ. ಜೂನ್‌ನ ಮೊದಲ ಗಾಳಿಮಳೆಗೆ ರಸ್ತೆಬದಿಯ ಒಂದು ಮರ ಉರುಳಿದರೆ ಎರಡೂ ಒಟ್ಟಿಗೆ ಹೋಗುತ್ತವೆ, ತಿಂಗಳ ಬಾಡಿಗೆ ಮಾತ್ರ ಎರಡು ಕಡೆ ಕಟ್ಟುತ್ತೀರಿ. ಭಾರತದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾಯಿತು. 2023ರಿಂದ ಜಿಯೋ ಮತ್ತು ಏರ್‌ಟೆಲ್ ಎರಡೂ ಏರ್‌ಫೈಬರ್ ಎಂಬ ಹೆಸರಿನಲ್ಲಿ ಅದೇ 5ಜಿ ಮೂಲಕ ಮನೆಗೂ ಕಚೇರಿಗೂ ಇಂಟರ್‌ನೆಟ್ ಕೊಡುತ್ತಿವೆ. ಅದಾದರೂ ಸರಿ, ಸಿಮ್ ಹಾಕುವ 4ಜಿ ರೂಟರ್ ಆದರೂ ಸರಿ. ಮುಖ್ಯ ಫೈಬರ್ ಕಡಿದಾಗ ತಾನಾಗಿಯೇ ಎರಡನೆಯದಕ್ಕೆ ಹೊರಳುವ ರೂಟರ್ ಇಟ್ಟುಕೊಳ್ಳಿ. ಬಿಲ್ಲಿಂಗ್, ಯುಪಿಐ, ಬ್ಯಾಂಕಿಂಗ್ ಕೆಲಸಗಳಿಗೆ ಬೇಕಾದ ವೇಗ ಬಹಳ ಕಡಿಮೆ, ಅಷ್ಟನ್ನು ಸಿಮ್ ಧಾರಾಳವಾಗಿ ಹೊರುತ್ತದೆ. ಏರ್‌ಫೈಬರನ್ನೇ ಮುಖ್ಯ ದಾರಿಯಾಗಿ ನಂಬುವವರು ಒಂದನ್ನು ಕೇಳಿ ತಿಳಿದುಕೊಳ್ಳಬೇಕು: ಸ್ಥಿರ ಐಪಿ ವಿಳಾಸ, ಅಂದರೆ ಬದಲಾಗದ ಇಂಟರ್‌ನೆಟ್ ವಿಳಾಸ, ಸಿಗುತ್ತದೆಯೇ? ಹೊರಗಿನಿಂದ ನಿಮ್ಮ ಕಚೇರಿಯ ಸರ್ವರ್‌ಗೆ ನೇರ ಬರಬೇಕಾದ ವ್ಯವಸ್ಥೆ ಇದ್ದರೆ ಅದಿಲ್ಲದೆ ತೊಡಕಾಗುತ್ತದೆ.

ಕರೆಂಟು ಹೋದಾಗ ಏನಾಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಕಂಪ್ಯೂಟರ್‌ಗೆ ಯುಪಿಎಸ್ ಇರುತ್ತದೆ, ಅಟ್ಟದ ಮೇಲಿನ ಪುಟ್ಟ ಫೈಬರ್ ಪೆಟ್ಟಿಗೆಯನ್ನು ಮರೆತಿರುತ್ತಾರೆ. ಅದಕ್ಕೆ ಬೇಕಾದದ್ದು ಸಾಮಾನ್ಯವಾಗಿ 12 ವೋಲ್ಟ್. ಅದಕ್ಕೆಂದೇ ಸಣ್ಣ ಯುಪಿಎಸ್‌ಗಳು ಸಿಗುತ್ತವೆ.

ಭದ್ರತೆಯ ಬಗ್ಗೆ ನಾನು ನಿಷ್ಠುರವಾಗಿಯೇ ಮಾತನಾಡುತ್ತೇನೆ, ಇಲ್ಲಿ ನಾವು ಬಹಳ ಸಡಿಲವಾಗಿದ್ದೇವೆ. ಐದು ವರ್ಷಗಳಿಂದ ಅದೇ ಪಾಸ್‌ವರ್ಡ್. ಆ ಐದು ವರ್ಷಗಳಲ್ಲಿ ಕೆಲಸ ಬಿಟ್ಟುಹೋದವರೆಲ್ಲರ ಮೊಬೈಲ್‌ಗಳೂ ನಿಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ತಾವಾಗಿಯೇ ಒಳಗೆ ಬಂದು ಕೂರುತ್ತವೆ. ಸಿಬ್ಬಂದಿ ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಪದ್ಧತಿ ಬಿಟ್ಟು, ಒಬ್ಬೊಬ್ಬರಿಗೂ ಅವರದೇ ಹೆಸರು, ಅವರದೇ ಗುಟ್ಟು ಇರುವ ವ್ಯವಸ್ಥೆಗೆ ಹೋಗಿ. ಕೆಲಸ ಬಿಟ್ಟವರ ಹೆಸರನ್ನು ಅದೇ ಸಂಜೆ ತೆಗೆಯಬಹುದು. 2018ರಲ್ಲಿ ಬಂದ ಡಬ್ಲ್ಯುಪಿಎ3 ಭದ್ರತಾ ವಿಧಾನವನ್ನು ಹೊಸ ಉಪಕರಣಗಳೆಲ್ಲ ಬಲ್ಲವು, ಅದನ್ನು ಚಾಲೂ ಮಾಡಿಸಿ. ಅತಿಥಿಗಳ ಜಾಲದಿಂದ ನಿಮ್ಮ ಪ್ರಿಂಟರ್ ಕಾಣಿಸುತ್ತದೆಯೇ ಎಂದು ನೀವೇ ನಿಮ್ಮ ಮೊಬೈಲ್‌ನಿಂದ ಪರೀಕ್ಷಿಸಿ. ಕಾಣಿಸಿದರೆ ಅದು ಪ್ರತ್ಯೇಕ ಜಾಲ ಅಲ್ಲ, ಹೆಸರು ಮಾತ್ರ ಪ್ರತ್ಯೇಕ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಚಟುವಟಿಕೆಯ ದಾಖಲೆಗಳನ್ನು (ಲಾಗ್) 180 ದಿನ ಉಳಿಸಿಡಬೇಕು. ಈ ಬಗ್ಗೆ ನಿಮ್ಮ ತಂತ್ರಜ್ಞರನ್ನು ಕೇಳಿ. ಅವರು ಕಣ್ಣು ಕಣ್ಣು ಬಿಟ್ಟರೆ ಬೇರೆಯವರನ್ನು ಹುಡುಕುವ ಕಾಲ ಬಂದಿದೆ.

ಇನ್ನೊಂದು ಬಗೆಯ ನಿಸ್ತಂತು ನಮ್ಮಲ್ಲಿ ಇನ್ನೂ ಹೆಚ್ಚು ಬಳಕೆಗೆ ಬಂದಿಲ್ಲ, ಬರಬೇಕು. ಲೋರಾ ಎಂದು ಅದರ ಹೆಸರು. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಪರವಾನಗಿ ಇಲ್ಲದೆ ಬಳಸಬಹುದು. ಅದರಲ್ಲಿ ವಿಡಿಯೋ ಹೋಗುವುದಿಲ್ಲ, ಫೋಟೋ ಕೂಡ ಹೋಗುವುದಿಲ್ಲ. ಹೋಗುವುದು ನಾಲ್ಕಾರು ಅಂಕಿಗಳು. ಆದರೆ ಅವು ಕಿಲೋಮೀಟರ್‌ಗಟ್ಟಲೆ ಹೋಗುತ್ತವೆ, ಸಣ್ಣ ಬ್ಯಾಟರಿಯೊಂದರಲ್ಲಿ ವರ್ಷಗಟ್ಟಲೆ ಹೋಗುತ್ತವೆ. ಗೋದಾಮಿನ ತೇವಾಂಶ, ತೋಟದ ಪಂಪು, ನೀರಿನ ಟ್ಯಾಂಕಿಯ ಮಟ್ಟ, ಐಸ್ ಪ್ಲಾಂಟ್‌ನ ತಾಪಮಾನ ಇವನ್ನೆಲ್ಲ ರಾತ್ರಿ ಎದ್ದು ಹೋಗಿ ನೋಡುವ ಕೆಲಸ ಅದರಿಂದ ತಪ್ಪುತ್ತದೆ. ಖಾಸಗಿ 5ಜಿ, ಅಂದರೆ ಒಂದು ಉದ್ದಿಮೆ ತನಗಾಗಿಯೇ ಹಾಕಿಕೊಳ್ಳುವ 5ಜಿ ಜಾಲ, ಬಂದರು, ತೈಲ ಸಂಸ್ಕರಣಾಗಾರಗಳ ಗಾತ್ರದ ಉದ್ದಿಮೆಗಳ ವಿಷಯ. ಅದನ್ನು ಇಲ್ಲಿಗೆ ಬಿಡುತ್ತೇನೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

ನೆಲಮಾಳಿಗೆಯಲ್ಲಿ ಔಷಧಿ ದಾಸ್ತಾನು ಇಟ್ಟಿರುವವರೊಬ್ಬರು, ಅಲ್ಲಿ ಮೊಬೈಲ್ ಸಿಗುವುದಿಲ್ಲ, ಸಿಗ್ನಲ್ ಬೂಸ್ಟರ್ ಹಾಕಿಸಲೇ ಎಂದು ಕೇಳಿದರು. ಬೇಡ. ಮೊಬೈಲ್ ಸಿಗ್ನಲ್ ಬೂಸ್ಟರನ್ನು ಅನುಮತಿಯಿಲ್ಲದೆ ಅಳವಡಿಸುವುದು ಕಾನೂನಿಗೆ ವಿರುದ್ಧ, ಮತ್ತು ಅದು ಸುತ್ತಲಿನವರ ಕರೆಗಳನ್ನು ಕೆಡಿಸುತ್ತದೆ. ನೆಲಮಾಳಿಗೆಗೆ ಒಂದು ಕೇಬಲ್, ಒಂದು ಆಕ್ಸೆಸ್ ಪಾಯಿಂಟ್ ಇಳಿಸಿ, ಮೊಬೈಲ್‌ಗಳಲ್ಲಿ ವೈಫೈ ಕರೆ ಎಂಬ ಆಯ್ಕೆಯನ್ನು ಚಾಲೂ ಮಾಡಿ. ಅದಕ್ಕೆ ಬೇರೆ ಆಪ್ ಬೇಕಾಗಿಲ್ಲ, ಅದೇ ನಂಬರಿಗೆ ಕರೆ ಬರುತ್ತದೆ.

ವೈಫೈ 7 ಬಂದಿದೆಯಲ್ಲ, ಅದಕ್ಕೆ ಕಾಯಬೇಕೇ ಎಂದು ಮಣಿಪಾಲದಿಂದ ಬಂದ ಯುವಕರೊಬ್ಬರು ಕೇಳಿದರು. ನಿಮ್ಮ ಸಿಬ್ಬಂದಿಯ ಕೈಯಲ್ಲಿರುವ ಮೊಬೈಲ್, ಲ್ಯಾಪ್‌ಟಾಪ್‌ಗಳನ್ನು ಎಣಿಸಿ; ಅವುಗಳಲ್ಲಿ ವೈಫೈ 7 ಬಲ್ಲವು ಎಷ್ಟಿವೆ ಎಂಬುದೇ ಉತ್ತರ. ಆ ಹಣದಲ್ಲಿ ಒಂದು ಆಕ್ಸೆಸ್ ಪಾಯಿಂಟ್ ಹೆಚ್ಚು ಹಾಕಿಸಿದರೆ ಇಂದೇ ಪ್ರಯೋಜನ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. ಮಗ ಊರಿನಲ್ಲಿಲ್ಲ, ಹೋಂಸ್ಟೇ ನಡೆಸುವವರು ಅವರೊಬ್ಬರೇ. "ಹಾಕಿಕೊಡುವವರು ಹೇಳಿದ್ದು ಸರಿಯೋ ತಪ್ಪೋ ಎಂದು ನನಗೆ ತಿಳಿಯುವುದು ಹೇಗೆ ಮಾರಾಯರೇ?" ಎಂದರು. ಅಮ್ಮ, ಅವರು ಕೆಲಸ ಮುಗಿಯಿತು ಎಂದಾಗ ಹಣ ಕೊಡುವ ಮೊದಲು ನಿಮ್ಮ ಮಗನಿಗೆ ವಿಡಿಯೋ ಕರೆ ಮಾಡಿ. ಎಲ್ಲ ಕೋಣೆಗಳ ಬಾಗಿಲು ಮುಚ್ಚಿಸಿ. ಮಾತನಾಡುತ್ತ ಜಗಲಿಯಿಂದ ಒಂದೊಂದೇ ಕೋಣೆಗೆ, ಅಡುಗೆಮನೆಗೆ, ಬಾವಿಕಟ್ಟೆಯವರೆಗೂ ನಡೆಯಿರಿ. ಮಗನ ಮುಖ ಎಲ್ಲಿ ನಿಂತಿತೋ ಅಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಆ ಗೆರೆಗಳನ್ನು ಅವರಿಗೆ ತೋರಿಸಿ.